ಕ್ಯಾಶುವಾಲ್ಟಿಗೆ ಹೊರಟ ಮಗಳಿಗೆ

ಬದಿಯಡ್ಕ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಸೋಮವಾರದಿಂದ ನಿನಗೆ ಕ್ಯಾಶುವಾಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದಲ್ಲಿ, ರಾತ್ರಿ ಪಾಳಿಯೆಂದು ಅಮ್ಮ ಹೇಳಿದಳು. ಫೋನಿನಲ್ಲಿ ಹೇಳಿದರೆ "ಗೊತ್ತಿದೆ ಅಪ್ಪ" ಎಂದುಬಿಡುತ್ತೀಯೆಂದು ಬರೆಯುತ್ತಿದ್ದೇನೆ. ವಿಷಯ ಒಂದೇ, ವೃಷಣದ ಟಾರ್ಷನ್, ಅಂದರೆ ವೃಷಣದ ಹುರಿ ತಿರುಚಿಕೊಳ್ಳುವುದು.

ನಾನು ನಿನ್ನಷ್ಟೇ ಹೊಸ ಡಾಕ್ಟರನಾಗಿದ್ದಾಗ, ಮಳೆಗಾಲದ ಒಂದು ಬೆಳಗಿನ ಜಾವ, ಹದಿನಾಲ್ಕರ ಹುಡುಗನೊಬ್ಬನನ್ನು ಜೀಪಿನಲ್ಲಿ ಕರೆತಂದರು. ಬಂಜಿಬೇನೆ, ಅಂದರೆ ಹೊಟ್ಟೆನೋವು ಎಂದ; ಎರಡು ಸಲ ವಾಂತಿಯಾಗಿತ್ತು. ಹೊಟ್ಟೆ ಒತ್ತಿ ನೋಡಿದೆ, ಮೆತ್ತಗಿತ್ತು. ಇಂಜೆಕ್ಷನ್ ಕೊಟ್ಟು ಕಳುಹಿಸಿದೆ. ಅವನು ಲುಂಗಿಯ ಗಂಟನ್ನು ಎರಡೂ ಕೈಗಳಲ್ಲಿ ಬಿಗಿಹಿಡಿದಿದ್ದುದನ್ನು ಕಂಡೂ ಅದನ್ನು ಸಡಿಲಿಸಿ ನೋಡಲಿಲ್ಲ. ಮರುದಿನ ಸಂಜೆ ಮರಳಿ ಬಂದಾಗ ಒಂದು ಬದಿ ಊದಿಕೊಂಡಿತ್ತು. ಸರ್ಜನ್ ತೆರೆದು ನೋಡಿದರೆ ವೃಷಣ ಒಣಗಿದ ಪುನರ್ಪುಳಿ ಸಿಪ್ಪೆಯಷ್ಟು ಕಪ್ಪಾಗಿತ್ತು. ತೆಗೆಯದೆ ಗತಿಯಿರಲಿಲ್ಲ.

ವೃಷಣದ ರಕ್ತನಾಳಗಳು ಇಳಿಯುವ ಹುರಿ ತಿರುಚಿಕೊಂಡರೆ ಮೊದಲು ಸಿರೆಗಳು ಮುಚ್ಚಿ ಬಾವು ಬರುತ್ತದೆ, ಬಳಿಕ ಧಮನಿಯ ಹರಿವೂ ನಿಲ್ಲುತ್ತದೆ. ನೋವು ಶುರುವಾದ 6 ಗಂಟೆಯೊಳಗೆ ಬಿಡಿಸಿದರೆ ಹೆಚ್ಚಿನ ವೃಷಣಗಳು ಉಳಿಯುತ್ತವೆ; 24 ಗಂಟೆ ದಾಟಿದರೆ ಉಳಿಯುವುದು ಅಪರೂಪ. ಲೆಕ್ಕ ನೋವಿನಿಂದ, ಆಸ್ಪತ್ರೆಯ ಚೀಟಿಯಿಂದಲ್ಲ. ನಮ್ಮ ಕಡೆಯವರು ಮಂಗಳೂರಿನ ದಾರಿಯಲ್ಲೇ ಆ 6 ಗಂಟೆಯಲ್ಲೊಂದು ಪಾಲನ್ನು ಕಳೆದುಕೊಂಡಿರುತ್ತಾರೆ. 2020ರಲ್ಲಿ ಕೊರೋನಾ ಸಮಯದಲ್ಲಿ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ದಾರಿಯ ಬೆಲೆ ನಮಗೆಲ್ಲ ತಿಳಿಯಿತಲ್ಲ.

ಆದ್ದರಿಂದ ಹರೆಯದ ಹುಡುಗ ಹೊಟ್ಟೆನೋವೆಂದು ಬಂದರೆ ವೃಷಣವನ್ನು ನೋಡದೆ ಕಳುಹಿಸಬೇಡ. ನೀನು ಹೆಣ್ಣೆಂದು ಅವನು ಇನ್ನಷ್ಟು ನಾಚುತ್ತಾನೆ. ಪರದೆ ಎಳೆದು, ನೆಂಟರನ್ನು ಹೊರಗೆ ಕಳುಹಿಸಿ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಕೇಳು. ವೃಷಣ ಗಟ್ಟಿಯಾಗಿ ಮೇಲಕ್ಕೆ ಸರಿದು ಅಡ್ಡಡ್ಡ ಮಲಗಿದ್ದರೆ, ತೊಡೆಯ ಒಳಬದಿಯನ್ನು ಸವರಿದಾಗ ಮೇಲೇರಬೇಕಾದದ್ದು ಅಲುಗದಿದ್ದರೆ, ಸಂಶಯ ಬೇಡ. ಅಲುಗಿದರೂ ಟಾರ್ಷನ್ ಇಲ್ಲವೆಂದು ತೀರ್ಮಾನಿಸಬೇಡ. ಜ್ವರ, ಉರಿಮೂತ್ರ ಸೋಂಕಿನ ಕಡೆ ಬೆರಳು ತೋರಿಸುತ್ತವೆ, ಆದರೆ ಈ ವಯಸ್ಸಿನಲ್ಲಿ ಸೋಂಕೆಂದು ಆಂಟಿಬಯಾಟಿಕ್ ಬರೆದು ಮನೆಗೆ ಕಳುಹಿಸುವುದೇ ನಾನು ಕಂಡ ಎರಡನೆಯ ದೊಡ್ಡ ತಪ್ಪು. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಅನುಮಾನವಿದ್ದಾಗ, ಅದೂ ಕೂಡಲೇ ಸಿಗುವಂತಿದ್ದರೆ ಮಾತ್ರ. ಅದಕ್ಕಾಗಿ ಬೆಳಗಾಗುವುದನ್ನು ಕಾಯುವುದು ವೃಷಣವನ್ನು ಕೈಯಾರೆ ಕಳೆದಂತೆ.

ಶಸ್ತ್ರಕ್ರಿಯೆ ತಡವಾಗುವಂತಿದ್ದರೆ ಹಿರಿಯರು ಪುಸ್ತಕದ ಹಾಳೆ ತೆರೆದಂತೆ ಹೊರಮುಖವಾಗಿ ತಿರುಗಿಸಿ ನೋಡುವುದುಂಟು. ಕೆಲವು ವಿರುದ್ಧ ದಿಕ್ಕಿಗೆ ತಿರುಚಿರುತ್ತವೆ, ನೋವು ಹೆಚ್ಚಿದರೆ ನಿಲ್ಲಿಸಬೇಕು. ನೋವು ಇಳಿದರೂ ಆಪರೇಷನ್ ಥಿಯೇಟರ್ ತಪ್ಪದು. ಅಲ್ಲಿ ಹುರಿಯನ್ನು ಬಿಡಿಸಿ, ಬೆಚ್ಚಗಿನ ಸಲೈನ್ ಬಟ್ಟೆಯಲ್ಲಿ ಸುತ್ತಿ, ಬಣ್ಣ ಮರಳುತ್ತದೆಯೇ ಎಂದು ಕಾಯುತ್ತಾರೆ. ಮರಳಿದರೆ ಹೊಲಿದು ನೆಲೆಗೊಳಿಸುತ್ತಾರೆ. ಇನ್ನೊಂದು ಬದಿಯನ್ನೂ ಹೊಲಿಯುತ್ತಾರೆ, ಏಕೆಂದರೆ ವೃಷಣವನ್ನು ನೆಲೆಯಲ್ಲಿ ಹಿಡಿದಿಡುವ ಕಟ್ಟಿನ ಸಡಿಲು ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. "ಸರಿಯಿದ್ದದ್ದನ್ನೇಕೆ ಮುಟ್ಟುತ್ತೀರಿ" ಎಂದು ತಂದೆಯಂದಿರು ಕೇಳಿಯೇ ಕೇಳುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗಲೇ ಹೇಳಿಬಿಡು.

ನೋವು ಎಷ್ಟು ಗಂಟೆಗೆ ಎಬ್ಬಿಸಿತೆಂಬುದನ್ನು ಕೇಸ್ ಶೀಟಿನ ಮೇಲ್ತುದಿಯಲ್ಲಿ ಬರೆ. ಸರ್ಜನ್‌ಗೆ ರಾತ್ರಿ ಎರಡಕ್ಕೂ ಫೋನ್ ಮಾಡು. ಬೈದರೆ ಬೈಸಿಕೋ, ನಾನೂ ಫೋನ್ ಮಾಡಿದ ಎಷ್ಟೋ ಕಿರಿಯ ಡಾಕ್ಟರುಗಳನ್ನು ಬೈದು, ಆಮೇಲೆ ಚಪ್ಪಲಿ ಹುಡುಕುತ್ತಾ ಓಡಿದವನೇ.

ಇತಿ,
ನಿನ್ನ ಅಪ್ಪ