ಕಾದಂಬರಿ–ಸಿನಿಮಾ ಹೋಲಿಕೆ: ಪಟ್ಟಿ ಬರೆಸಿದರೆ ಸಾಲದು

ಮಾನ್ಯ ಸಂಪಾದಕರೇ,

ಪದವಿ ತರಗತಿಯ ಕನ್ನಡ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಕುಳಿತಾಗಲೆಲ್ಲ ಒಂದು ಪ್ರಶ್ನೆಯ ಉತ್ತರಗಳು ನನಗೆ ಬೇಸರ ತರಿಸುತ್ತವೆ. ಕಾದಂಬರಿಯನ್ನೂ ಅದನ್ನು ಆಧರಿಸಿದ ಸಿನಿಮಾವನ್ನೂ ಹೋಲಿಸಿರಿ ಎಂದರೆ, ಬಹುಪಾಲು ಮಕ್ಕಳು ಸಿನಿಮಾದಲ್ಲಿ ಏನೇನು ಬಿಟ್ಟುಹೋಗಿದೆ ಎಂಬುದನ್ನು ಅಂಕಿ ಹಾಕಿ ಬರೆದು, ‘ಆದ್ದರಿಂದ ಕಾದಂಬರಿಯೇ ಶ್ರೇಷ್ಠ’ ಎಂದು ಮುಗಿಸುತ್ತಾರೆ. ತಪ್ಪು ಅವರದಲ್ಲ. ಗೈಡುಗಳಲ್ಲಿ ಇರುವುದು ಅಷ್ಟೇ. ಎಷ್ಟೋ ಮಕ್ಕಳು ಆ ಸಿನಿಮಾವನ್ನು ನೋಡಿಯೇ ಇರುವುದಿಲ್ಲ.

ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ, ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ ಚಿತ್ರೀಕರಣಗೊಂಡ ‘ಸಂಸ್ಕಾರ’ವನ್ನು ತೆಗೆದುಕೊಳ್ಳಬಹುದು. ಯು.ಆರ್. ಅನಂತಮೂರ್ತಿಯವರ ಕಾದಂಬರಿ 1965ರದು, ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾ 1970ರದು. ಕಾದಂಬರಿ ಶುರುವಾಗುತ್ತಲೇ, ಬ್ರಾಹ್ಮಣ ಅಗ್ರಹಾರದ ಆಚಾರಗಳನ್ನು ಧಿಕ್ಕರಿಸಿ ಬದುಕಿದ ನಾರಣಪ್ಪನ ಸಾವಿನ ಸುದ್ದಿ ಬರುತ್ತದೆ. ಶವಸಂಸ್ಕಾರ ಯಾರು ಮಾಡಬೇಕೆಂಬುದು ತೀರ್ಮಾನವಾಗದೆ ಅವನ ಹೆಣ ಹಾಗೇ ಬಿದ್ದಿರುತ್ತದೆ. ಆಮೇಲೆ ಅವನು ನಮಗೆ ಸಿಗುವುದು ಅಗ್ರಹಾರದವರ ದೂರು, ಬೈಗುಳಗಳಲ್ಲಿ ಮತ್ತು ಅಗ್ರಹಾರದ ಹಿರಿಯ ವಿದ್ವಾಂಸ ಪ್ರಾಣೇಶಾಚಾರ್ಯರ ನೆನಪಿನಲ್ಲಿ. ಸಿನಿಮಾದಲ್ಲಾದರೋ ಪಿ. ಲಂಕೇಶ್ ಅದೇ ನಾರಣಪ್ಪನಾಗಿ ಕಣ್ಣೆದುರು ನಿಲ್ಲುತ್ತಾರೆ. ನೆನಪಿನ ಮನುಷ್ಯನಿಗೆ ಹೀಗೆ ಮೈ ಬಂದಾಗ, ಓದುತ್ತಾ ನಾವು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ನಾರಣಪ್ಪ ಏನಾಗುತ್ತಾನೆ? ಆಚಾರ್ಯರ ಒಳತೋಟಿಗೆ ಬರಹಗಾರ ಪುಟಗಟ್ಟಲೆ ಜಾಗ ಕೊಟ್ಟಿರುವಾಗ, ಆ ಪಾತ್ರ ವಹಿಸಿದ ಗಿರೀಶ ಕಾರ್ನಾಡರ ಮುಖ, ನಡಿಗೆ, ಮೌನಗಳು ಆ ಭಾರವನ್ನು ಎಲ್ಲಿ ಹೊತ್ತಿವೆ, ಎಲ್ಲಿ ಹೊರಲಾರದೆ ಹೋಗಿವೆ? ಕೇಳಬೇಕಾದ ಪ್ರಶ್ನೆಗಳು ಇವು.

ಒಮ್ಮೆ ಈ ಕಪ್ಪು–ಬಿಳುಪು ಚಿತ್ರದ ಹತ್ತು ನಿಮಿಷದ ಭಾಗವೊಂದನ್ನು ತರಗತಿಯಲ್ಲಿ ಎರಡು ಸಲ ತೋರಿಸಿದೆ, ಎರಡನೆಯ ಸಲ ಶಬ್ದವಿಲ್ಲದೆ. ಸದಾ ಹಿಂದಿನ ಬೆಂಚಿನಲ್ಲಿ ಕೂರುವ, ಕೊಪ್ಪದ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ‘ಸಾರ್, ಪುಸ್ತಕ ಓದುವಾಗ ಹೆಣದ ವಾಸನೆ ಮೂಗಿಗೇ ಬಡಿದ ಹಾಗಾಗಿತ್ತು. ಇಲ್ಲಿ ಅವರ ಮುಖ ನೋಡಿಯೇ ವಾಸನೆ ತಿಳ್ಕೋಬೇಕು’ ಎಂದಳು. ಆ ಪೀರಿಯಡ್ ಪೂರ್ತಿ ಅವಳ ಮಾತಿನ ಮೇಲೆಯೇ ಚರ್ಚೆ ನಡೆಯಿತು. ಅಂಥ ಒಂದು ಮಾತು ಯಾವ ಗೈಡಿನಲ್ಲೂ ಸಿಕ್ಕುವುದಿಲ್ಲ.

ಸಣ್ಣಕಥೆ ಸಿನಿಮಾ ಆದಾಗಿನ ಕಷ್ಟ ಬೇರೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ಯನ್ನು ಗಿರೀಶ ಕಾಸರವಳ್ಳಿಯವರು ತೆರೆಗೆ ತಂದಾಗ, ಕೆಲವೇ ಪುಟಗಳ ಬರಹವನ್ನು ಪೂರ್ಣಾವಧಿಯ ಚಿತ್ರವಾಗಿ ಹಿಗ್ಗಿಸಬೇಕಾಯಿತು. ಅಲ್ಲಿ ‘ಬಿಟ್ಟದ್ದೇನು’ ಎಂಬ ಪಟ್ಟಿ ಕೆಲಸಕ್ಕೇ ಬರುವುದಿಲ್ಲ. ಏನನ್ನು ಸೇರಿಸಿದರು, ಏಕೆ ಸೇರಿಸಿದರು ಎಂದೇ ನೋಡಬೇಕಾಗುತ್ತದೆ.

ಆದ್ದರಿಂದ ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೆ: ಸಿನಿಮಾ ವೀಕ್ಷಣೆಗೆ ವೇಳಾಪಟ್ಟಿಯಲ್ಲೇ ಪೀರಿಯಡ್ ಮೀಸಲಿಡಿ. ಪರೀಕ್ಷೆಯಲ್ಲಿ ಇಡೀ ಕೃತಿಯ ವ್ಯತ್ಯಾಸಗಳನ್ನು ಕೇಳುವ ಬದಲು ಒಂದೇ ಒಂದು ಸನ್ನಿವೇಶವನ್ನು ಕೊಟ್ಟು, ಅದು ಕಾದಂಬರಿಯಲ್ಲಿ ಯಾರ ಕಣ್ಣಿನಿಂದ ಕಾಣುತ್ತದೆ, ತೆರೆಯ ಮೇಲೆ ಯಾರ ಕಣ್ಣಿನಿಂದ ಕಾಣುತ್ತದೆ ಎಂದು ಕೇಳಿ.

– ಕನ್ನಡ ಉಪನ್ಯಾಸಕ, ಚಿಕ್ಕಮಗಳೂರು