ಪಟ್ಟಿ ಏರಿಸಿದ ಪಿಕಪ್‌ಗಳ ಬ್ರೇಕ್ ನೋಡುವವರು ಯಾರು?

ಮಾನ್ಯರೇ,

ಭತ್ತದ ಕೊಯ್ಲು ಶುರುವಾದರೆ ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪ ರಸ್ತೆಗಳಲ್ಲಿ ಡೀಸೆಲ್ ಪಿಕಪ್‌ಗಳದೇ ಓಡಾಟ. ಒಂದೂವರೆ ಟನ್ ಪಾಸಿಂಗ್ (ಹೊರಲು ಅನುಮತಿ) ಇರುವ ಗಾಡಿಗೆ ಮೂರು ಟನ್ ಚೀಲ ಏರಿಸಬೇಕೆಂದು ಮಾಲೀಕರು ಹಿಂದಿನ ಕಮಾನಿಗೆ, ಅಂದರೆ ಭಾರ ಹೊರುವ ಸ್ಪ್ರಿಂಗಿಗೆ, ಎರಡು ಉಕ್ಕಿನ ಪಟ್ಟಿ ಹೆಚ್ಚಿಗೆ ಹಾಕಿಸುತ್ತಾರೆ. ಲೋಡ್ ಆದರೂ ಗಾಡಿ ಕೂರುವುದಿಲ್ಲ, ನಿಜ. ಆದರೆ ಅದೇ ಪಟ್ಟಿಯಿಂದ ಬ್ರೇಕ್ ಕಡಿಮೆಯಾಗುತ್ತದೆ ಎಂದು ಅವರಿಗೆ ಹೇಳುವವರಿಲ್ಲ.

ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಮೇಲೆ, ಚಾಸಿಗೆ ಕೂರಿಸಿದ ಎಲ್‌ಎಸ್‌ಪಿವಿ ಎಂಬ ವಾಲ್ವ್ ಇರುತ್ತದೆ; ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವುದು ಇದರ ಕೆಲಸ. ಅದರಿಂದ ಒಂದು ಸಣ್ಣ ರಾಡು ಆಕ್ಸಲ್‌ಗೆ ಜೋಡಿಸಿರುತ್ತದೆ. ಲೋಡ್ ಬಿದ್ದು ಚಾಸಿ ಕೆಳಗಿಳಿದರೆ ರಾಡು ವಾಲ್ವನ್ನು ಒತ್ತುತ್ತದೆ, ಹಿಂದಿನ ಡ್ರಮ್ಮಿಗೆ ಪೂರ್ತಿ ಒತ್ತಡ ಹೋಗುತ್ತದೆ. ಖಾಲಿ ಇದ್ದಾಗ ಹಿಂದಿನ ಚಕ್ರ ಲಾಕ್ ಆಗದಿರಲೆಂದು ಒತ್ತಡ ಕಡಿಮೆ ಬಿಡುತ್ತದೆ. ಪಟ್ಟಿ ಏರಿಸಿದ ಗಾಡಿ ಲೋಡ್ ಆದರೂ ಎತ್ತರದಲ್ಲೇ ನಿಲ್ಲುವುದರಿಂದ ವಾಲ್ವಿನ ಲೆಕ್ಕದಲ್ಲಿ ಅದು ಖಾಲಿ ಗಾಡಿ. ಮೂರು ಟನ್ನಿನ ಭಾರವನ್ನು ಹೆಚ್ಚಾಗಿ ಮುಂದಿನ ಎರಡು ಡಿಸ್ಕ್‌ಗಳೇ ತಡೆಯಬೇಕು.

ಇದನ್ನು ಗುರುತಿಸುವುದು ಸುಲಭ. ಮುಂದಿನ ಪ್ಯಾಡ್ ಪದೇ ಪದೇ ಸವೆಯುತ್ತಿದ್ದು, ಹಿಂದಿನ ಡ್ರಮ್ಮಿನ ಲೈನರ್ ಹೊಸದರಂತೆಯೇ ಇದ್ದರೆ, ಡಿಸ್ಕ್ ನೀಲಿಗಟ್ಟಿದ್ದರೆ ಮೊದಲು ಆ ರಾಡು ನೋಡಬೇಕು. ಕೆಲವು ಗ್ಯಾರೇಜುಗಳಲ್ಲಿ ರಾಡನ್ನು ಲೋಡ್ ಸ್ಥಿತಿಯಲ್ಲೇ ಇರುವಂತೆ ತಂತಿಯಿಂದ ಬಿಗಿದು ಬಿಡುತ್ತಾರೆ. ಇದು ಇನ್ನೂ ಅಪಾಯ. ಖಾಲಿ ಬರುವಾಗ ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಹೆಚ್ಚುವರಿ ಪಟ್ಟಿ ತೆಗೆಸಿ, ಒತ್ತಡದ ಗೇಜ್ ಹಾಕಿ ರಾಡನ್ನು ಕಂಪನಿ ಅಳತೆಗೆ ಸೆಟ್ ಮಾಡಿಸುವುದೊಂದೇ ದಾರಿ. ಡಿಸ್ಕ್ ಹೀಗೆ ಕಾದರೆ ಬ್ರೇಕ್ ಆಯಿಲ್ ಕೂಡ ಬಿಸಿಯಾಗುತ್ತದೆ; ಆ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ 230 ಡಿಗ್ರಿವರೆಗೆ ಕುದಿಯದು, ತೇವ ಹಿಡಿದರೆ 155ಕ್ಕೇ ಕುದಿಯಬಹುದು. ಆಮೇಲೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಇಂಥ ಗಾಡಿಯ ಹಿಂದೆ ಕಾಂಕ್ರೀಟ್ ಮಿಕ್ಸರ್, ಜನರೇಟರ್ ಕಟ್ಟಿ ಎಳೆಯುವುದಂತೂ ಬಹಳ ಯೋಚಿಸಬೇಕಾದ ವಿಷಯ. ಅವಕ್ಕೆ ಸಾಮಾನ್ಯವಾಗಿ ಸ್ವಂತ ಬ್ರೇಕ್ ಇರುವುದಿಲ್ಲ. ಹುಕ್ಕನ್ನು ಬಂಪರಿಗಲ್ಲ, ಚಾಸಿಗೇ ಬೋಲ್ಟ್ ಮಾಡಿಸಬೇಕು. ಎಳೆಯುವ ಭಾರದ ಸುಮಾರು ಹತ್ತನೇ ಒಂದು ಪಾಲು ಹುಕ್ಕಿನ ಮೇಲೆ ಕೂರಬೇಕು: ಒಂದು ಟನ್ ಮಿಕ್ಸರಾದರೆ 100 ಕೆ.ಜಿ. ಕಡಿಮೆಯಾದರೆ ಹಿಂದಿನದು ಹಾವಿನಂತೆ ಹೊಯ್ದಾಡುತ್ತದೆ, ಜಾಸ್ತಿಯಾದರೆ ಸ್ಟೇರಿಂಗ್ ಹಗುರಾಗುತ್ತದೆ. ಪಿನ್ನಿಗೆ ಲಾಕು, ಜೊತೆಗೆ ಚೈನು ಇರಲೇಬೇಕು. ಸಂಡೂರಿನ ಕಡೆಯ ಇಳಿಜಾರುಗಳಲ್ಲಿ ಇಳಿಯುವ ಮೊದಲೇ ಸಣ್ಣ ಗೇರಿಗೆ ಬರಬೇಕು, ನ್ಯೂಟ್ರಲ್ ಬೇಡವೇ ಬೇಡ.

ಎಂಜಿನ್ ವಿಷಯದಲ್ಲಿ ಎರಡೇ ಮಾತು. ಭತ್ತದ ಹೊಟ್ಟು, ಹತ್ತಿ ಎಳೆ ರೇಡಿಯೇಟರಿನ ಜಾಲಿಯಲ್ಲಿ ಕೂತು ಗಾಡಿ ಬಿಸಿಯಾಗುತ್ತದೆ. ಎಂಜಿನ್ ತಣ್ಣಗಾದ ಮೇಲೆ ಫ್ಯಾನ್ ಕಡೆಯಿಂದ ಹೊರಕ್ಕೆ, ಸಣ್ಣ ಒತ್ತಡದಲ್ಲಿ ನೀರು ಬಿಟ್ಟು ತೊಳೆಯಬೇಕು. ಒಳಗೆ ಬೋರಿನ ಗಡಸು ನೀರು ಹಾಕಬಾರದು, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಮಾತ್ರ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗಳು ಹೊಲದಿಂದ ಮಿಲ್ಲಿಗೆ, ಮಿಲ್ಲಿಂದ ಹೊಲಕ್ಕೆ ಸಣ್ಣ ಓಟವನ್ನೇ ಓಡಿದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಾದ ಡಿಪಿಎಫ್‌ನಲ್ಲಿ ಮಸಿ ಸುಡದೆ ಉಳಿಯುತ್ತದೆ. ಡಿಪಿಎಫ್ ಲೈಟ್ ಬಂದಾಗ ಎಂಜಿನ್ ಆರಿಸದೆ ಹೆದ್ದಾರಿಯಲ್ಲಿ ಸುಮಾರು 20 ನಿಮಿಷ ಒಂದೇ ವೇಗದಲ್ಲಿ ಓಡಿಸಬೇಕು. ಪದೇ ಪದೇ ಅರ್ಧಕ್ಕೆ ಆರಿಸಿದರೆ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಗೇಜ್ ಕಡ್ಡಿಯಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಅದು ಖುಷಿಪಡುವ ಸಂಗತಿಯಲ್ಲ, ಕೂಡಲೇ ಆಯಿಲ್ ಬದಲಿಸಬೇಕು.

ಕಂಪನಿ ಅಳತೆ ಮೀರಿ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಆರ್‌ಟಿಒ ಕಚೇರಿಗಳಲ್ಲಿ ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಮಾಡುವಾಗ ಅಧಿಕಾರಿಗಳು ಗಾಡಿಯ ಕೆಳಗೆ ಬಗ್ಗಿ ಪಟ್ಟಿ ಎಣಿಸಬೇಕು, ವಾಲ್ವಿನ ರಾಡು ತಂತಿಯಿಲ್ಲದೆ ಆಡುತ್ತದೆಯೇ ಎಂದು ಕೈಯಾಡಿಸಿ ನೋಡಬೇಕು. ಮುಂದಿನ ಕೊಯ್ಲಿಗೆ ಮೊದಲೇ ಇದು ಶುರುವಾಗಲಿ.

– ಡೀಸೆಲ್ ಮೆಕ್ಯಾನಿಕ್, ಸಿಂಧನೂರು