ತಾಗಿದೊಡನೆ ಸಿಡಿಯುವುದಿಲ್ಲ ಪಾಸಿಟ್ರೋನಿಯಂ

ಮಾನ್ಯ ಸಂಪಾದಕರೇ,

ಗಾಮಾ ಕಿರಣದ ಲೇಸರ್ ಕುರಿತ ಬರಹಗಳಲ್ಲಿ ‘ಎರಡು ಪಾಸಿಟ್ರೋನಿಯಂ ಪರಮಾಣುಗಳು ತಾಗಿದರೆ ಸಾಕು, ಸಿಡಿದು ಮಾಯ’ ಎಂಬ ಮಾತು ಮತ್ತೆ ಮತ್ತೆ ಕಾಣುತ್ತದೆ. ಅದು ತಪ್ಪು. ಡಿಕ್ಕಿಯ ಕ್ಷಣದಲ್ಲೇ ಅಳಿಯುವುದು ತೀರಾ ಅಪರೂಪ. ಅಳಿವು ಉಳಿವು ನಿಂತಿರುವುದು ಸ್ಪಿನ್ (ಕಣದ ಗಿರಕಿಯಂಥ ಸಹಜ ಗುಣ) ಮೇಲೆ.

ಒಂದು ಎಲೆಕ್ಟ್ರಾನ್, ಅದರ ಪ್ರತಿಕಣವಾದ ಒಂದು ಪಾಸಿಟ್ರಾನ್: ಇಷ್ಟೇ ಈ ಪರಮಾಣು. ಎರಡರ ಸ್ಪಿನ್ ಕೂಡಿ 1 ಆದರೆ ಅದು ಆರ್ಥೊ, ಆಯುಸ್ಸು 142 ನ್ಯಾನೊಸೆಕೆಂಡ್. ಕೂಡಿ ಸೊನ್ನೆಯಾದರೆ ಪ್ಯಾರಾ, ಬರೀ 0.125 ನ್ಯಾನೊಸೆಕೆಂಡ್. ಈಗ ಒಂದು ಪರಮಾಣುವಿನ ಎರಡೂ ಸ್ಪಿನ್ ಮೇಲಕ್ಕೆ, ಇನ್ನೊಂದರವು ಕೆಳಕ್ಕೆ ಇವೆ ಎನ್ನಿ. ಡಿಕ್ಕಿಯಲ್ಲಿ ಎಲೆಕ್ಟ್ರಾನ್‌ಗಳು ಅದಲುಬದಲಾದರೆ ಎರಡರಲ್ಲೂ ಮೇಲೊಂದು, ಕೆಳಗೊಂದು. ಎರಡೂ ಪ್ಯಾರಾ ಆಗಿ ಬೇಗನೆ ಅಳಿಯಬಹುದು. ಎಲ್ಲವೂ ಮೇಲಕ್ಕೇ ಇದ್ದರೆ ಅದಲುಬದಲಾದರೂ ನಷ್ಟವಿಲ್ಲ. ಗಾಮಾ ಲೇಸರ್‌ಗಾಗಿ ಬೋಸ್–ಐನ್‌ಸ್ಟೈನ್ ಸಾಂದ್ರೀಕರಣಕ್ಕೆ (ತಣ್ಣಗಾದ ಪರಮಾಣುಗಳನ್ನು ಒಂದೇ ಕ್ವಾಂಟಂ ಸ್ಥಿತಿಗೆ ತರುವುದಕ್ಕೆ) ಹೊರಟವರು ಸ್ಪಿನ್ ಒಂದೇ ದಿಕ್ಕಿಗಿರುವ ಪಾಸಿಟ್ರಾನ್‌ಗಳನ್ನು ಬಯಸುವುದು ಇದಕ್ಕೇ.

ಈ ಅದಲುಬದಲು ಎಷ್ಟು ಸಲ ಆಗುತ್ತದೆ ಎಂಬ ಲೆಕ್ಕವೇ ಕಠಿಣ. ಜಲಜನಕದ ಅಣುವಿನಲ್ಲಿ ಭಾರದ ಪ್ರೋಟಾನ್‌ಗಳನ್ನು ನಿಲ್ಲಿಸಿಟ್ಟು ಎಲೆಕ್ಟ್ರಾನ್‌ಗಳ ಲೆಕ್ಕ ಮಾಡಬಹುದು. ಇಲ್ಲಿ ನಾಲ್ಕೂ ಕಣಗಳ ತೂಕ ಒಂದೇ, ಯಾವುದನ್ನೂ ನಿಲ್ಲಿಸಲಾಗದು. ಜೊತೆಗೆ ಧನ, ಋಣ ವಿದ್ಯುದಂಶಗಳು ಒಂದೇ ಕೇಂದ್ರದ ಸುತ್ತ ಸಮನಾಗಿ ಹರಡಿರುವುದರಿಂದ ಎರಡು ಪರಮಾಣುಗಳ ನಡುವಿನ ನೇರ ಸ್ಥಿರವಿದ್ಯುತ್ ಬಲ ಪೂರ್ತಿ ಸೊನ್ನೆ. ಉಳಿಯುವುದು ಕಣಗಳ ವಿನಿಮಯ ಮತ್ತು ವ್ಯಾನ್ ಡರ್ ವಾಲ್ಸ್ ಸೆಳೆತ (ವಿದ್ಯುದಂಶಗಳ ಕ್ಷಣಿಕ ಏರುಪೇರಿನಿಂದ ಹುಟ್ಟುವ ಸೆಳೆತ). ದೂರದಲ್ಲಿ ಈ ಸೆಳೆತ ಜಲಜನಕದ ಎರಡು ಪರಮಾಣುಗಳ ನಡುವಿನದಕ್ಕಿಂತ 32 ಪಟ್ಟು. ಇದನ್ನು ಕೈಬಿಟ್ಟು ಬರೀ ವಿನಿಮಯ ಹಿಡಿದ ಲೆಕ್ಕಗಳು ನೆಚ್ಚುವಂತಿಲ್ಲ.

ಕಣಗಳ ನಡುವಿನ ಆರೂ ಅಂತರಗಳನ್ನು ಒಟ್ಟಿಗೆ ಹಿಡಿಯುವ ಗಾಸಿಯನ್ ಫಲನಗಳಿಂದ (ಗಂಟೆಯಾಕಾರದ ಗಣಿತಸೂತ್ರಗಳಿಂದ) ಇವಾನೊವ್, ಮಿಟ್ರಾಯ್, ವರ್ಗಾ ಎಂಬ ಭೌತವಿಜ್ಞಾನಿಗಳು 2001ರಲ್ಲಿ ಲೆಕ್ಕ ಹಾಕಿದರು. ದೂರಕ್ಕೆ ಚಾಚುವ ಫಲನಗಳು ಸಾಲದಿದ್ದರೆ ಉತ್ತರ ತಪ್ಪುತ್ತದೆ. ವಿವೇಚನೆಯಿಲ್ಲದೆ ಸೇರಿಸುತ್ತ ಹೋದರೆ ಒಂದನ್ನೊಂದು ಹೋಲುವ ಫಲನಗಳು ಗುಡ್ಡೆಬಿದ್ದು ಕಂಪ್ಯೂಟರಿನ ದಶಾಂಶ ಸ್ಥಾನಗಳೇ ಸಾಲುವುದಿಲ್ಲ. ಲೆಕ್ಕ ಸರಿಯಿದೆಯೇ ಎಂದು ನೋಡಲು ಒಂದು ಒರೆಗಲ್ಲಿದೆ: ಅದೇ ವಿಧಾನ ಪಾಸಿಟ್ರೋನಿಯಂ ಅಣುವಿನ ಬಂಧಶಕ್ತಿ 0.435 ಎಲೆಕ್ಟ್ರಾನ್ ವೋಲ್ಟ್ ಎಂದು ಕೊಡಬೇಕು. (ನಿರ್ವಾತದಲ್ಲಿ ಎರಡೇ ಪರಮಾಣುಗಳು ಡಿಕ್ಕಿಯಾಗಿ ಈ ಅಣು ಕಟ್ಟಿಕೊಳ್ಳುವುದು ಕಷ್ಟ, ಹೊರಬೀಳುವ ಶಕ್ತಿಯನ್ನು ಹೀರಲು ಮೂರನೆಯದೊಂದು ಬೇಕು. 2007ರಲ್ಲಿ ಕ್ಯಾಸಿಡಿ ಮತ್ತು ಮಿಲ್ಸ್ ಅದನ್ನು ಕಂಡದ್ದು ರಂಧ್ರಮಯ ಸಿಲಿಕಾದಲ್ಲಿ.)

ಇವಾನೊವ್ ತಂಡಕ್ಕೆ ಬಂದ ಚದುರುವಿಕೆಯ ಉದ್ದ (ತಣ್ಣನೆಯ ಡಿಕ್ಕಿಯಲ್ಲಿ ಪರಮಾಣುಗಳು ಒಂದನ್ನೊಂದು ಎಷ್ಟು ಬಲವಾಗಿ ಚದುರಿಸುತ್ತವೆ ಎಂಬುದರ ಅಳತೆ), ಎರಡು ಪರಮಾಣುಗಳ ಎಲೆಕ್ಟ್ರಾನ್‌ಗಳ ಸ್ಪಿನ್ ಕೂಡಿ 1, ಪಾಸಿಟ್ರಾನ್‌ಗಳದೂ 1 ಆದಾಗ 3.00 ಬೋರ್ ತ್ರಿಜ್ಯ (ಜಲಜನಕ ಪರಮಾಣುವಿನ ತ್ರಿಜ್ಯದಷ್ಟು ಉದ್ದದ ಏಕಮಾನ). ಎರಡೂ ಸೊನ್ನೆಯಾದಾಗ 8.44. ಎರಡೂ ಧನಾತ್ಮಕ, ಅಂದರೆ ತಣ್ಣನೆಯ ಪರಮಾಣುಗಳು ಒಟ್ಟಿನಲ್ಲಿ ಒಂದನ್ನೊಂದು ತಳ್ಳುವಂತೆ ವರ್ತಿಸುತ್ತವೆ. ಆರ್ಥೊ ಪ್ಯಾರಾ ಆಗುವ ಸಾಧ್ಯತೆ ಈ ಎರಡು ಅಂಕಿಗಳ ವ್ಯತ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವಿಜ್ಞಾನ ಪುಟದಲ್ಲಿ ‘ಸಿಡಿದು ಮಾಯ’ ಎನ್ನುವ ಜಾಗದಲ್ಲಿ ಈ ಎರಡು ಅಂಕಿಗಳನ್ನು ಅಚ್ಚು ಹಾಕಬೇಕೆಂದು ಕೋರುತ್ತೇವೆ.

ಇಂತಿ,
ಇಬ್ಬರು ಭೌತಶಾಸ್ತ್ರ ಅಧ್ಯಾಪಕರು